ಹಂದಿ ಬಿಟ್ಟು ಉಳಿದೆಲ್ಲ ಒಟ್ಟಿಗೆ

ಕೊಡಗಿನ ಆಯುಧದ ಹಬ್ಬ ಕೈಲ್‌ಪೊಳ್ದಿಗೆ ಇನ್ನೊಂದು ವಾರ. ಮಳೆಗಾಲದ ಕಕ್ಕಡ ತಿಂಗಳು ಮುಗಿದಿತ್ತು, ಮಳೆ ಮುಗಿದಿರಲಿಲ್ಲ. ನಾಲ್ಕು ಮನೆಯ ಒಂಬತ್ತು ಹಂದಿಗಳನ್ನು ಒಂದೇ ಪಿಕಪ್ಪಿಗೆ ಹತ್ತಿಸಿ, ಗೋಣಿಕೊಪ್ಪದ ಹತ್ತಿರ ಒಂದೇ ತಕ್ಕಡಿಯಲ್ಲಿ ತೂಗಿ, ಒಂದೇ ದರಕ್ಕೆ ಕೊಡುವುದು ಅಂದಿನ ಕೆಲಸ. ಕೇಳಲು ಸುಲಭ. ಈ ಒಂದು ದಿನಕ್ಕೆ ನಮ್ಮ ಗುಂಪಿನ ಹನ್ನೆರಡು ಮನೆಗಳು ತಯಾರಾಗಲು ಹತ್ತೂವರೆ ತಿಂಗಳು ಹಿಡಿದಿತ್ತು.

ಒಬ್ಬೊಬ್ಬರೇ ಮಾರಿದರೆ ಏನಾಗುತ್ತದೆ ಎಂಬುದು ಹಂದಿ ಸಾಕಿದ ಎಲ್ಲರಿಗೂ ಗೊತ್ತು. ದಲ್ಲಾಳಿ ಬರುತ್ತಾನೆ, ಬೆನ್ನಿನ ಮೇಲೆ ಕೈಯಿಟ್ಟು ಒತ್ತುತ್ತಾನೆ, ‘ಎಂಬತ್ತು ಕಿಲೋ ಬಂದರೆ ಹೆಚ್ಚು’ ಅನ್ನುತ್ತಾನೆ. ಮನೆಯಲ್ಲಿ ತಕ್ಕಡಿ ಇಲ್ಲ. ಬೇಡವೆಂದು ಕಳಿಸಿದರೆ ಮುಂದಿನ ವಾರದವರೆಗೆ ಹಂದಿ ದಿನಕ್ಕೆ ಮೂರು ಕಿಲೋ ಮೇವು ತಿನ್ನುತ್ತದೆ. ನೂರು ಕಿಲೋ ದಾಟಿದ ಮೇಲೆ ಆ ಮೇವು ಮಾಂಸಕ್ಕಿಂತ ಹೆಚ್ಚಾಗಿ ಕೊಬ್ಬಿಗೇ ಹೋಗುತ್ತದೆ. ಅವನ ಕಣ್ಣಂದಾಜಿಗೆ ತಲೆಯಾಡಿಸುವುದು ಹೀಗೆ.

ತಕ್ಕಡಿ ಇಲ್ಲದಿದ್ದರೂ ದರ್ಜಿಯ ಟೇಪು ಇರುತ್ತದಲ್ಲ. ಮುಂಗಾಲಿನ ಹಿಂಬದಿಗೆ ಎದೆಯ ಸುತ್ತಳತೆ, ಎರಡು ಕಿವಿಯ ನಡುವಿನಿಂದ ಬಾಲದ ಬುಡದವರೆಗೆ ಉದ್ದ, ಎರಡೂ ಇಂಚಿನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 880ರಿಂದ ಭಾಗಿಸಿದರೆ ಹತ್ತಿರ ಹತ್ತಿರ ಕಿಲೋ ಸಿಗುತ್ತದೆ. 42 ಇಂಚು ಸುತ್ತಳತೆ, 42 ಇಂಚು ಉದ್ದದ ಹಂದಿ 84 ಕಿಲೋ. ಅಳೆಯುವಾಗ ತಲೆ ನೆಟ್ಟಗಿರಬೇಕು. ತೊಟ್ಟಿಗೆ ಬಾಗಿ ತಿನ್ನುತ್ತಿರುವಾಗ ಅಳೆದರೆ ಉದ್ದ ಹಿಗ್ಗಿ, ತೂಕವೂ ಕಾಗದದ ಮೇಲೆ ಹಿಗ್ಗುತ್ತದೆ. ನೂರಕ್ಕೆ ಐದು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಆದರೂ ದಲ್ಲಾಳಿಯ ಅಂಗೈಗಿಂತ ಟೇಪು ನಂಬಿಕಸ್ಥ.

ಇನ್ನು ಹತ್ತೂವರೆ ತಿಂಗಳ ಲೆಕ್ಕ. ಹಂದಿಯ ಗರ್ಭ 114 ದಿನ. ಮೂರು ತಿಂಗಳು, ಮೂರು ವಾರ, ಮೂರು ದಿನ ಎಂದು ನೆನಪಿಟ್ಟುಕೊಂಡರೆ ಸಾಕು. ಯಾರ್ಕ್‌ಶೈರ್ ಅಥವಾ ಲ್ಯಾಂಡ್‌ರೇಸ್ ತಳಿ ಮಿಶ್ರಣದ ಮರಿ ಒಳ್ಳೆಯ ಮೇವು ತಿಂದು 85–95 ಕಿಲೋ ಮುಟ್ಟಲು ಸುಮಾರು ಏಳು ತಿಂಗಳು, ಅಂದರೆ 210 ದಿನ. ಸೆಪ್ಟೆಂಬರ್ 1ಕ್ಕೆ ಹಂದಿ ತಯಾರಾಗಬೇಕಾದರೆ ಮರಿ ಫೆಬ್ರವರಿ 3ರ ಹೊತ್ತಿಗೆ ಹುಟ್ಟಿರಬೇಕು, ಅದಕ್ಕೆ ತಾಯಿ ಅಕ್ಟೋಬರ್ 12ಕ್ಕೆ ಗಬ್ಬ ಕಟ್ಟಬೇಕು. ತುಲಾ ಸಂಕ್ರಮಣಕ್ಕೆ ಐದಾರು ದಿನ ಮೊದಲು ಎಂದರೆ ನಮ್ಮಲ್ಲಿ ಯಾರೂ ಮರೆಯುವುದಿಲ್ಲ. ಡಿಸೆಂಬರ್ ಮೊದಲ ವಾರದೊಳಗೆ ಸುಗ್ಗಿ ಹಬ್ಬ ಪುತ್ತರಿ ಬರುವ ವರ್ಷ ಇದೇ ಲೆಕ್ಕ ಜನವರಿ 11ಕ್ಕೆ, ಮಕರ ಸಂಕ್ರಾಂತಿಯ ಹೊಸ್ತಿಲಿಗೆ ಬಂದು ನಿಲ್ಲುತ್ತದೆ.

ಹನ್ನೆರಡು ಮನೆಯ ತಾಯಿಹಂದಿಗಳು ಒಂದೇ ವಾರ ಬೆದೆಗೆ ಬರುವುದು ಹೇಗೆ? ಔಷಧಿ ಬೇಡ. ಎಲ್ಲರೂ ಒಂದೇ ದಿನ ಮರಿಗಳಿಗೆ ಹಾಲು ಬಿಡಿಸಿದರೆ ಸಾಕು. ಮರಿಗೆ ಆರು ವಾರ ಆಗಿರಬೇಕು, ತಾಯಿ ಸೊರಗಿರಬಾರದು. ಹಾಲು ಬಿಡಿಸಿದ ನಾಲ್ಕರಿಂದ ಏಳು ದಿನದೊಳಗೆ ಬಹುಪಾಲು ತಾಯಿಗಳು ಬೆದೆಗೆ ಬರುತ್ತವೆ. ಬೆನ್ನು ಒತ್ತಿದಾಗ ಅಲುಗಾಡದೆ ನಿಂತರೆ ಹೊತ್ತು ಬಂದಿದೆ ಎಂದರ್ಥ. ಆಗ ಒಮ್ಮೆ ಗಬ್ಬ ಕಟ್ಟಿಸಿ, ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ಬಿಟ್ಟು ಮತ್ತೊಮ್ಮೆ ಕಟ್ಟಿಸಬೇಕು.

ಇಲ್ಲಿಯೇ ನಮ್ಮ ಮೊದಲ ಜಗಳ ಆದದ್ದು. ಒಳ್ಳೆಯ ಗಂಡು ಹಂದಿ ಇರುವ ಮನೆಯಿಂದ ಅದನ್ನು ಮನೆ ಮನೆಗೆ ಕರೆದೊಯ್ಯುವುದು ಹಳೆಯ ರೂಢಿ. ಒಟ್ಟಾಗಿ ದುಡಿಯೋಣ ಎಂದು ಸೇರಿದ ಮೇಲೆ ಗಂಡು ಹಂದಿಯನ್ನು ಹಂಚಿಕೊಳ್ಳುವುದೇ ಮೊದಲು ಹೊಳೆಯುವುದು. ನಾವು ಅದನ್ನೇ ಮೊದಲು ನಿಲ್ಲಿಸಿದೆವು. ‘ಹಂದಿಯೇ ಸೇರಬಾರದು ಅಂದ್ರೆ ಇನ್ನೇನಣ್ಣ ಸಂಘ?’ ಎಂದು ಒಬ್ಬರು ಕೇಳಿದ್ದರು. ಕೇಳಿದ್ದು ಸರಿಯೇ. ಆದರೆ ಗಂಡು ಹಂದಿ ಒಂದು ಮನೆಯ ಬ್ರುಸೆಲ್ಲಾ, ಲೆಪ್ಟೊಸ್ಪೈರಾ ರೋಗಾಣು, ಹಂದಿಜ್ವರವನ್ನೆಲ್ಲ ಹನ್ನೆರಡು ಮನೆಗೆ ಹಂಚಬಲ್ಲದು. 2022ರ ಜುಲೈಯಲ್ಲಿ ಪಕ್ಕದ ವಯನಾಡಿನಲ್ಲಿ ಆಫ್ರಿಕನ್ ಹಂದಿಜ್ವರ ಕಾಣಿಸಿಕೊಂಡಾಗ ಕುಟ್ಟದ ಕೇರಳ ಗಡಿ ನಮಗೆ ಎಷ್ಟು ಹತ್ತಿರ ಎಂಬುದು ಅರಿವಾಗಿತ್ತು. ಈ ಜ್ವರಕ್ಕೆ ನಮ್ಮ ದೇಶದಲ್ಲಿ ಲಸಿಕೆಯಿಲ್ಲ. ರೋಗ ಖಚಿತವಾದ ಜಾಗದಿಂದ ಒಂದು ಕಿಲೋಮೀಟರ್ ದೂರದೊಳಗಿನ ಹಂದಿಗಳನ್ನೆಲ್ಲ ಕೊಲ್ಲಿಸುತ್ತಾರೆ, ಹತ್ತು ಕಿಲೋಮೀಟರ್‌ವರೆಗೆ ನಿಗಾ ಇಡುತ್ತಾರೆ. ಆದ್ದರಿಂದ ಮೇವು, ವಾಹನದ ಬಾಡಿಗೆ, ತಕ್ಕಡಿ, ಲೆಕ್ಕದ ಪುಸ್ತಕ, ಗಿರಾಕಿ ಎಲ್ಲ ಒಟ್ಟಿಗೆ. ಹಂದಿ ಮಾತ್ರ ಕೊನೆಯ ದಿನದವರೆಗೆ ಅವರವರ ಗೂಡಿನಲ್ಲಿ.

ಗಂಡಿನ ಬದಲು ಕೃತಕ ಗರ್ಭಧಾರಣೆ. ದನದ ವೀರ್ಯ ದ್ರವ ಸಾರಜನಕದಲ್ಲಿ ಬರುತ್ತದೆ, ಹಂದಿಯದು ಹೆಚ್ಚಾಗಿ ದ್ರವರೂಪದಲ್ಲಿ, 15ರಿಂದ 18 ಡಿಗ್ರಿಯಲ್ಲಿ ಇಡುವಂಥದ್ದು. ಮೊದಲ ಸಲ ಒಂದು ಮನೆಯಲ್ಲಿ ಅದನ್ನು ಜೋಪಾನವಾಗಿ ಫ್ರಿಜ್ಜಿನೊಳಗೆ ಇಟ್ಟಿದ್ದರು. ನಾಲ್ಕು ಡಿಗ್ರಿಯ ಥಂಡಿಗೆ ಎಲ್ಲ ಸತ್ತು, ಮೂರು ವಾರ ಕಳೆದು ಎರಡೂ ತಾಯಿಗಳು ಮತ್ತೆ ಬೆದೆಗೆ ಬಂದವು. ಆ ಮನೆಯ ಹಂದಿ ಕೈಲ್‌ಪೊಳ್ದಿಗೆ ಸಿಗಲಿಲ್ಲ.

ಮೇವಿನಲ್ಲಿ ನಾವು ಕಲಿತದ್ದು ದುಬಾರಿಯಾಗಿಯೇ. ಹಂದಿ ಸಾಕಣೆಯ ಖರ್ಚಿನಲ್ಲಿ ಮುಕ್ಕಾಲಿಗೆ ಹತ್ತಿರ ಮೇವಿನದೇ. ನೂರು ಕಿಲೋ ಮಿಶ್ರಣಕ್ಕೆ ಜೋಳ (ಮುಸುಕಿನದು) 55, ಸೋಯಾ ಹಿಂಡಿ 20, ತೌಡು 22.5, ಖನಿಜ ಮಿಶ್ರಣ 2, ಉಪ್ಪು ಅರ್ಧ ಕಿಲೋ. ಒಟ್ಟಿಗೆ ತಂದರೆ ಅಗ್ಗವೆಂದು ಮೇ ಕೊನೆಗೆ ಇಡೀ ಮಳೆಗಾಲದ ಜೋಳ ತರಿಸಿ ಕಾಫಿ ಗೋದಾಮಿನಲ್ಲಿ ಪೇರಿಸಿದ್ದೆವು. ಜುಲೈ ಎರಡನೇ ವಾರ ಗೋಡೆಗೆ ತಾಗಿದ ಚೀಲಗಳನ್ನು ಬಿಚ್ಚಿದರೆ ಕಾಳಿನ ಮೂತಿಯಲ್ಲಿ ಹಸಿರುಬೂದಿ. ಜೋಳದ ತೇವ ನೂರಕ್ಕೆ 12–13 ದಾಟಿದರೆ ಬೂಷ್ಟು ಬರುತ್ತದೆ, ಬೂಷ್ಟಿನ ಜೊತೆಗೆ ಅಫ್ಲಾಟಾಕ್ಸಿನ್ ವಿಷ. ಬೇಯಿಸಿದರೂ ಅದು ಹೋಗುವುದಿಲ್ಲ. ಮರಿಗಳಿಗೆ ಪಿತ್ತಜನಕಾಂಗ (ಲಿವರ್) ಕೆಡುತ್ತದೆ, ಗಬ್ಬದ ಹಂದಿಗೆ ಕಂದುಹಾಕುವ ಭಯ. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂರು ವಾರಕ್ಕೆ ಸಾಲುವಷ್ಟೇ ತರಿಸುತ್ತೇವೆ. ಕೆಳಗೆ ಮರದ ಹಲಗೆ, ಗೋಡೆಯಿಂದ ಒಂದೂವರೆ ಅಡಿ ದೂರ. ಕಾಫಿಬೀಜಕ್ಕೆ ಮಾಡುವ ಉಪಚಾರವನ್ನು ಜೋಳಕ್ಕೂ ಮಾಡಬೇಕು ಎಂಬುದು ಕಾಫಿ ಬೆಳೆಯುವ ನಮಗೇ ಹೊಳೆಯಲಿಲ್ಲ.

ಮುಸುರೆಯ ವಿಷಯ ಇನ್ನೂ ಸೂಕ್ಷ್ಮ. ರೆಸಾರ್ಟ್, ಹೋಂಸ್ಟೇ ಮುಸುರೆ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಪ್ರವಾಸಿಗರು ತಟ್ಟೆಯಲ್ಲಿ ಬಿಟ್ಟ ಪಂದಿಕರಿಯೂ ಇರುತ್ತದೆ, ಅಡುಗೆಮನೆಯಲ್ಲಿ ಕತ್ತರಿಸಿ ಎಸೆದ ಹಸಿ ಚರ್ಮದ ಚೂರೂ ಇರುತ್ತದೆ. ಜ್ವರ ಊರಿಂದೂರಿಗೆ ಸಾಗುವ ದೊಡ್ಡ ದಾರಿ ಇದೇ. ಪೂರ್ತಿ ಬಿಡಲು ಕೆಲವು ಮನೆಗಳು ಒಪ್ಪಲಿಲ್ಲ. ಕೊನೆಗೆ ಆದ ಒಪ್ಪಂದ: ಕುದಿ ಬಂದ ಮೇಲೆ ಅರ್ಧ ಗಂಟೆ, ತಳದಿಂದ ಮಗುಚುತ್ತಾ ಬೇಯಿಸಬೇಕು; ಹಸಿ ಮುಸುರೆಯ ಡ್ರಮ್ಮು, ಬೆಂದದ್ದರ ಡ್ರಮ್ಮು ಬೇರೆ ಬೇರೆ. ಸೌದೆಗೆ ಕಾಫಿ ಗಿಡ ಸವರಿದ ಕಡ್ಡಿ ಸಾಕಾಗುತ್ತದೆ. ನಿಜ ಹೇಳಬೇಕೆಂದರೆ ಆಳು, ಸೌದೆ, ಹೊತ್ತು ಎಲ್ಲ ಕೂಡಿದರೆ ಪುಕ್ಕಟೆ ಮುಸುರೆ ಪುಕ್ಕಟೆಯಲ್ಲ.

ಸರಿ, ಆ ದಿನಕ್ಕೆ ಬರೋಣ. ಹಿಂದಿನ ರಾತ್ರಿ ಎಂಟರ ಮೇಲೆ ಮೇವು ಇಲ್ಲ, ನೀರು ಮಾತ್ರ ಎಂದು ನಾಲ್ಕೂ ಮನೆಗೆ ಹೇಳಿಯಾಗಿತ್ತು. ಬೆಳಗಿನ ಆನೆ ಓಡಾಟ ಮುಗಿದು ಆರೂವರೆಗೆ ಪಿಕಪ್ ಹೊರಟಿತು. ದಾರಿ ಪೊನ್ನಂಪೇಟೆ, ಹುದಿಕೇರಿ, ಟಿ. ಶೆಟ್ಟಿಗೇರಿ, ಕೊನೆಗೆ ಶ್ರೀಮಂಗಲ. ಗಡಿಗೆ ಹತ್ತಿರದ ಮನೆ ಕೊನೆಗೆ, ಒಮ್ಮೆ ಅಲ್ಲಿ ಹತ್ತಿಸಿದ ಮೇಲೆ ಬೇರೆ ಯಾವ ಗೂಡಿನ ಹತ್ತಿರವೂ ಗಾಡಿ ನಿಲ್ಲುವುದಿಲ್ಲ. ಗಾಡಿ ಗೇಟಿನೊಳಗೆ ಬರಬಾರದು, ಹಂದಿಯೇ ಗೇಟಿಗೆ ಬರಬೇಕು. ಡ್ರೈವರ್ ಕೆಳಗೆ ಇಳಿಯಬಾರದು, ಮನೆಯವರು ಗಾಡಿ ಹತ್ತಬಾರದು. ಗೇಟಿನಲ್ಲಿ ಬ್ರಷ್ಷು ಮತ್ತು ಕಾಲದ್ದುವ ತೊಟ್ಟಿ: ಐವತ್ತು ಲೀಟರ್ ನೀರಿಗೆ ಒಂದು ಕಿಲೋ ಕಾಸ್ಟಿಕ್ ಸೋಡಾ. ಮೊದಲು ಬೂಟಿನ ಸಗಣಿ ಉಜ್ಜಿ ತೆಗೆಯಬೇಕು, ಸಗಣಿಯ ಮೇಲೆ ಯಾವ ಔಷಧಿಯೂ ಕೆಲಸ ಮಾಡುವುದಿಲ್ಲ. ತೊಟ್ಟಿಗೆ ತಗಡಿನ ಮಾಡು ಇಲ್ಲದಿದ್ದರೆ ನಮ್ಮ ಮಳೆಗೆ ಅರ್ಧ ದಿನದಲ್ಲಿ ಅದು ಬರೀ ನೀರು. ರಬ್ಬರ್ ಕೈಗವಸು ಮರೆತರೆ ಅಂಗೈ ಸುಡುತ್ತದೆ.

ಹತ್ತಿಸುವುದಕ್ಕೆ ಹಗ್ಗ, ಕೋಲು ಬೇಕಾಗಿಲ್ಲ. ಮೂರಡಿಗೆ ಎರಡೂವರೆ ಅಡಿಯ ಪ್ಲೈವುಡ್ ಹಲಗೆಗಳೆರಡು ಸಾಕು. ಕಣ್ಣಿಗೆ ಸಂದು ಕಂಡಲ್ಲಿಗೆ ಹಂದಿ ನುಗ್ಗುತ್ತದೆ, ಗೋಡೆ ಕಂಡರೆ ತಿರುಗುತ್ತದೆ. ಹಲಗೆಯನ್ನು ನೆಲಕ್ಕೆ ಒತ್ತಿ ಹಿಂದಿನಿಂದ ಬಂದರೆ ತಾನಾಗಿ ಮುಂದೆ ಹೋಗುತ್ತದೆ. ಹುದಿಕೇರಿಯಲ್ಲಿ ಯಾರೋ ಹುರುಪಿನಿಂದ ಹಿಂಗಾಲಿಗೆ ಹಗ್ಗ ಹಾಕಿ ಎಳೆದರು. ಅದು ಕಿರುಚಿದ್ದಕ್ಕೆ ಗಾಡಿಯೊಳಗಿದ್ದ ಮೂರೂ ಇಳಿಯಲು ನೋಡಿದವು. ಅಲ್ಲಿ ಇಪ್ಪತ್ತು ನಿಮಿಷ ಹೋಯಿತು.

ಒಂಬತ್ತಡಿ ಉದ್ದ, ಐದೂವರೆ ಅಡಿ ಅಗಲದ ಗಾಡಿಗೆ ತಲಾ ಐದು ಚದರಡಿಯಂತೆ ಒಂಬತ್ತೇ ಹಂದಿ. ನಡುವೆ ಬಿದಿರಿನ ಗಳು ಕಟ್ಟಿ ನಾಲ್ಕು ಭಾಗ ಮಾಡಿದ್ದೆವು. ಪರಿಚಯವಿಲ್ಲದ ಹಂದಿಗಳು ಸೇರಿದರೆ ಕಚ್ಚಾಡುತ್ತವೆ. ಕಚ್ಚಾಡಿದ ಗಾಬರಿಯಲ್ಲೇ ಕಡಿದ ಹಂದಿಯ ಮಾಂಸ ಬಿಳಿಚಿ ನೀರು ಬಿಡುತ್ತದೆ. ಪಾತ್ರೆಗೆ ಬಿದ್ದ ಮೇಲೆ ಕೊಡಗಿನ ಹುಳಿ ಕಾಚಂಪುಳಿಯಾಗಲಿ ಕರಿಮೆಣಸಾಗಲಿ ಅದನ್ನು ಉಳಿಸಲಾರದು.

ಶ್ರೀಮಂಗಲದಿಂದ ಹಿಂದಿರುಗುವಾಗ ಒಂದು ಹಂದಿ ಬಾಯಿ ತೆರೆದು ಏದುಸಿರು ಬಿಡತೊಡಗಿತು, ಕಿವಿಯ ಅಂಚು ಕೆಂಪು. ಮಳೆಯಲ್ಲೂ ಸೆಖೆಯೇ ಎಂದು ಆಶ್ಚರ್ಯಪಡಬೇಕಾಗಿಲ್ಲ, ಮಳೆಗೆಂದು ಟಾರ್ಪಾಲನ್ನು ನಾಲ್ಕು ಕಡೆಯೂ ಬಿಗಿದಿದ್ದರು. ಹಂದಿ ಬೆವರುವುದಿಲ್ಲ. ಗಾಡಿ ನಿಲ್ಲಿಸಿ ಟಾರ್ಪಾಲನ್ನು ಎರಡು ಬದಿ ಎತ್ತಿ, ನೆಲಕ್ಕೆ ಮತ್ತು ಹೊಟ್ಟೆಯಡಿಗೆ ನೀರು ಚಿಮುಕಿಸಿದೆವು. ಬೆನ್ನಿನ ಮೇಲೆ ಒಮ್ಮೆಲೇ ತಣ್ಣೀರು ಸುರಿದರೆ ಕೆಲವು ಅಲ್ಲೇ ಕುಸಿದು ಬೀಳುತ್ತವೆ. ಕಾಲು ಗಂಟೆಗೆ ಸುಧಾರಿಸಿತು. ಅದು ವಾಂತಿ ಮಾಡಿದ್ದರಲ್ಲಿ ಹಸಿ ಜೋಳವಿತ್ತು.

ತಕ್ಕಡಿ ಕಾಫಿ ತೂಗುವ ಪ್ಲಾಟ್‌ಫಾರಂ. ಆಗಸ್ಟ್‌ನಲ್ಲಿ ಅದಕ್ಕೆ ಕೆಲಸವಿಲ್ಲ. ಮೇಲೆ ಕಬ್ಬಿಣದ ಪಂಜರ ಇಟ್ಟು, ಪಂಜರದ ತೂಕ ಸೊನ್ನೆ ಮಾಡಿ, ಎಲ್ಲರ ಮುಂದೆ ಒಂದೊಂದೇ ತೂಗಿದೆವು. ಬೆನ್ನಿನ ಮೇಲೆ ಬರೆದ ನಂಬರಿನಲ್ಲಿ ಎರಡು ಅಳಿಸಿಹೋಗಿದ್ದವು. ಒದ್ದೆ ಚರ್ಮವನ್ನು ಒಣ ಗೋಣಿಯಿಂದ ಒರೆಸಿ ಬರೆಯಬೇಕಿತ್ತು, ಒರೆಸಿರಲಿಲ್ಲ. ಕಿವಿಗೆ ಹಾಕಿದ ನಂಬರಿನ ಬಿಲ್ಲೆಯ ಕೊನೆಯ ನಾಲ್ಕು ಅಂಕಿ ಪುಸ್ತಕದಲ್ಲಿ ಇದ್ದದ್ದರಿಂದ ಜಗಳ ಆಗಲಿಲ್ಲ. ಟೇಪಿನ ಒಟ್ಟು 803 ಕಿಲೋ, ತಕ್ಕಡಿಯ ಒಟ್ಟು 778. ಖಾಲಿ ಹೊಟ್ಟೆ, ಪ್ರಯಾಣ, ಟೇಪಿನ ತಪ್ಪು ಮೂರೂ ಸೇರಿ ಇಷ್ಟು ಇಳಿಯುವುದು ಸಹಜ. ಎಂಟು ಹಂದಿ ಇಳಿದಿದ್ದವು, ಜೋಳ ವಾಂತಿ ಮಾಡಿದ ಆ ಒಂದು ಮಾತ್ರ ಟೇಪಿನಷ್ಟೇ, 96. ಬೆಳಿಗ್ಗೆ ಮೇವು ಹಾಕಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಾಯಿತು. ‘ಹಸಿದು ಅರಚ್ತಿತ್ತು, ನೋಡೋಕ್ಕಾಗ್ಲಿಲ್ಲ’ ಅಂದರು ಆ ಮನೆಯ ಅಕ್ಕ. ಯಾರೂ ಬಯ್ಯಲಿಲ್ಲ. ಆ ಹಂದಿಯ ತೂಕದಲ್ಲಿ ನೂರಕ್ಕೆ ನಾಲ್ಕು ಕಳೆಯುವುದೆಂದು ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿದೆವು. ಅಕ್ಕನೂ ಹಾಕಿದರು.

ಚರ್ಮ ಸಮೇತ, ತಲೆ ಬಿಟ್ಟು, ನೂರು ಕಿಲೋ ಜೀವತೂಕಕ್ಕೆ 70 ಕಿಲೋ ಆಸುಪಾಸು ಮಾಂಸ ಬರುತ್ತದೆ. ಈ ಲೆಕ್ಕ ಗೊತ್ತಿಲ್ಲದೆ ಜೀವತೂಕದ ದರ ಮಾತಾಡಲು ಕೂರಬಾರದು.

ಕೇಂದ್ರ ಸರ್ಕಾರದ ಜಾನುವಾರು ಯೋಜನೆಯಾದ ನ್ಯಾಷನಲ್ ಲೈವ್‌ಸ್ಟಾಕ್ ಮಿಷನ್ನಿನ ಮಾತು ಊಟದ ಹೊತ್ತಿಗೆ ಬಂತು. 50 ತಾಯಿ, 5 ಗಂಡಿನ ಘಟಕಕ್ಕೆ ಬಂಡವಾಳದ ಅರ್ಧ, 15 ಲಕ್ಷ ರೂಪಾಯಿವರೆಗೆ ಸಹಾಯಧನವಿದೆ. ಸ್ವಸಹಾಯ ಗುಂಪು, ಉತ್ಪಾದಕರ ಸಂಸ್ಥೆಗಳೂ ಅರ್ಜಿ ಹಾಕಬಹುದು. ಹತ್ತು ಜನ ಉತ್ಪಾದಕರಿದ್ದರೆ ಉತ್ಪಾದಕರ ಕಂಪನಿ ಮಾಡಬಹುದು, ನಾವು ಹನ್ನೆರಡು. ಆದರೆ ಐವತ್ತು ತಾಯಿಗಳನ್ನು ಒಂದೇ ಮಾಡಿನಡಿ ಕಟ್ಟಿದರೆ ಜ್ವರ ಬಂದ ದಿನ ಐವತ್ತೂ ಹೋಗುತ್ತವೆ. ಪರಿಹಾರ ಸಿಗುವುದು ಇಲಾಖೆ ಕೊಲ್ಲಿಸಿದ ಹಂದಿಗೆ, ಅದಕ್ಕೂ ಮೊದಲೇ ಸತ್ತದ್ದಕ್ಕಲ್ಲ. ಹಾಗಾಗಿ ಎರಡು ಹಂದಿ ಜ್ವರದಿಂದ ಮಲಗಿದ ದಿನವೇ ಪಶುವೈದ್ಯರಿಗೆ ಫೋನು ಮಾಡಬೇಕು. ಮುಚ್ಚಿಟ್ಟು ಮಾರುವವನು ಗುಂಪಿನಲ್ಲಿ ಒಬ್ಬನಿದ್ದರೂ ಕಂಪನಿಯ ಹೆಸರು ಕಟ್ಟಿಕೊಂಡು ಪ್ರಯೋಜನವಿಲ್ಲ.

ಸಂಜೆ ಗಾಡಿ ತೊಳೆಯುವ ಕೆಲಸ. ಮೊದಲು ಸಲಿಕೆಯಲ್ಲಿ ಸಗಣಿ, ಮರದ ಪುಡಿ ಕೆರೆದು ಗುಂಡಿಗೆ, ಮೇಲೆ ಸುಣ್ಣ. ಆಮೇಲೆ ಸೋಪಿನ ನೀರು, ಉಜ್ಜುವುದು, ತೊಳೆಯುವುದು, ಕೊನೆಗೆ ಔಷಧಿ. ಚಕ್ರದ ಒಳಮೈ ಮತ್ತು ಡ್ರೈವರ್ ಕಾಲಿಡುವ ಮ್ಯಾಟು ಎಲ್ಲರೂ ಮರೆಯುವ ಜಾಗ. ನಂತರ ಪೂರ್ತಿ ಒಣಗಬೇಕು, ಒಣಗದ ಗಾಡಿ ತೊಳೆದ ಗಾಡಿಯಲ್ಲ. ಮರುದಿನ ಉಳಿದ ಮನೆಗಳ ಎರಡನೇ ಲೋಡು ಎಂದು ಇಟ್ಟುಕೊಂಡಿದ್ದೆವು. ಬಿಸಿಲು ಬರಲಿಲ್ಲ. ಕಾಫಿ ಕಣದ ಮಾಡಿನಡಿ ಬಾಗಿಲು ಬಿಚ್ಚಿಟ್ಟು, ಫ್ಯಾನು ಹಾಕಿದ ಮೇಲೂ ಅದು ಒಣಗಿದ್ದು ಮೂರನೇ ದಿನ ಮಧ್ಯಾಹ್ನ.