ಅಪ್ಪನ ಕಿವಿಯ ಜೀರುಂಡೆ

ಕಳೆದ ಜೂನ್‌ನ ಒಂದು ರಾತ್ರಿ. ಮಳೆ ಹೊಯ್ದು ಬಿಟ್ಟಿತ್ತು. ಗುರುಪುರ ಹೊಳೆ ಬದಿಯ ನಮ್ಮ ಮನೆಯಲ್ಲಿ ಕರೆಂಟು ಹೋಗಿ ಫ್ಯಾನು ನಿಂತದ್ದೇ ತಡ, ಅಪ್ಪ ಕೋಣೆಯಿಂದ ಕರೆದರು.

"ಮಗಾ, ಒಮ್ಮೆ ಟಾರ್ಚ್ ತಾ. ಈ ಜೀರುಂಡೆ ಮಂಚದ ಅಡಿಯಲ್ಲೇ ಉಂಟು. ನಾಲ್ಕು ದಿನ ಆಯ್ತು, ನಿದ್ದೆ ಇಲ್ಲ."

ಮಂಚ ಎಳೆದೆ. ಕಪಾಟಿನ ಹಿಂದೆ ನೋಡಿದೆ. ಏನೂ ಇಲ್ಲ. ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರ್ ಹಿಂದೆ ಒಂದು ಕೂಗುತ್ತಿತ್ತು. ಹೆಜ್ಜೆ ಇಟ್ಟರೆ ಸುಮ್ಮನಾಗುತ್ತದೆ, ನಿಂತರೆ ಮತ್ತೆ ಶುರು. ನೆಲದ ಅದುರು ಅದಕ್ಕೆ ತಕ್ಷಣ ಗೊತ್ತಾಗುತ್ತದೆ. ಹತ್ತು ನಿಮಿಷ ಕಾದು ಹತ್ತಿರ ಹೋದೆ. ಕಂದು ಮೈ, ಮೈಗಿಂತ ಉದ್ದದ ಮೀಸೆ. ರೆಕ್ಕೆಗಳನ್ನು ಸ್ವಲ್ಪ ಮೇಲೆತ್ತಿ ಒಂದಕ್ಕೊಂದು ಉಜ್ಜುತ್ತಿತ್ತು. ಕಾಲು ಉಜ್ಜಿ ಶಬ್ದ ಮಾಡುತ್ತದೆ ಅಂತ ಚಿಕ್ಕಂದಿನಿಂದ ಕೇಳಿದ್ದೆ. ಅದು ತಪ್ಪು. ಒಂದು ರೆಕ್ಕೆಯ ಅಡಿಯಲ್ಲಿ ಅರದ ಹಾಗೆ ಸಾಲು ಹಲ್ಲುಗಳಿರುತ್ತವೆ. ಇನ್ನೊಂದರ ಅಂಚು ಅದನ್ನು ಕೆರೆಯುತ್ತದೆ. ಕೂಗುವುದು ಗಂಡು ಮಾತ್ರ, ಹೆಣ್ಣನ್ನು ಕರೆಯಲು. ಕೇಳುವ ಕಿವಿ ಇರುವುದು ಮುಂಗಾಲಿನಲ್ಲಿ.

ಸ್ಟೀಲ್ ಲೋಟ ಕವುಚಿ, ಅಡಿಗೆ ಪೇಪರ್ ತೂರಿಸಿ, ಅಂಗಳಕ್ಕೆ ಬಿಟ್ಟು ಬಂದೆ.

"ಈಗ ನಿಂತಿತಾ?"

"ಇಲ್ಲ. ನೀನು ಅಷ್ಟು ಓಡಾಡಿದೆ, ಒಂದು ಸಲವೂ ನಿಲ್ಲಿಸಲಿಲ್ಲ ಅದು."

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಪಕ್ಕದಲ್ಲಿ ಜನ ಓಡಾಡಿದರೂ ನಿಲ್ಲಿಸದ ಜೀರುಂಡೆ ಎಲ್ಲಿರುತ್ತದೆ? ಅಪ್ಪನನ್ನು ಹಿಂದಿನ ಜಗಲಿಗೆ ಕರೆದುಕೊಂಡು ಹೋದೆ. ಬಟ್ಟೆ ಒಗೆಯುವ ಕಲ್ಲಿನ ಸಂದಿಯಲ್ಲಿ ಒಂದು ಕಿವಿ ಹರಿಯುವ ಹಾಗೆ ಕಿರುಚುತ್ತಿತ್ತು. "ಇದು ಕೇಳ್ತದಾ ಅಪ್ಪ?" ಅವರು ತಲೆ ಓರೆ ಮಾಡಿ ತುಂಬಾ ಹೊತ್ತು ಕೇಳಿದರು.

"ಯಾವುದು?"

ನನಗೆ ಹೊಟ್ಟೆಯಲ್ಲಿ ಏನೋ ಆಯಿತು.

ವಾರದೊಳಗೆ ಮಂಗಳೂರಿನ ಕಿವಿ ಡಾಕ್ಟರ ಹತ್ತಿರ ಹೋದೆವು. ಗುಗ್ಗೆ ಕಟ್ಟಿದೆಯಾ ಅಂತ ಮೊದಲು ನೋಡಿದರು. ಒಂದೇ ಕಿವಿಯಲ್ಲಾ, ಎರಡರಲ್ಲೂನಾ? ನಾಡಿ ಬಡಿದ ಹಾಗೆ ಕೇಳುತ್ತದಾ? ನೋವಿನ ಮಾತ್ರೆ ಜಾಸ್ತಿ ತಗೊಳ್ತೀರಾ? ಕೊನೆಗೆ, ಕೆಲಸ ಎಂತ ಮಾಡಿಕೊಂಡಿದ್ದಿರಿ?

ಹಂಚಿನ ಕಾರ್ಖಾನೆ. 31 ವರ್ಷ, ಹಂಚು ಒತ್ತುವ ಪ್ರೆಸ್ ಪಕ್ಕದಲ್ಲಿ. ಸ್ವಿಟ್ಜರ್ಲೆಂಡಿನ ಪಾದ್ರಿ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಕಸುಬು ನಮ್ಮೂರಿನ ಎಷ್ಟೋ ಮನೆಗಳಿಗೆ ಗಂಜಿ ಕೊಟ್ಟಿದೆ, ನಮಗೂ ಕೊಟ್ಟಿದೆ. ಚಿಕ್ಕವನಿದ್ದಾಗ ಬುತ್ತಿ ಕೊಡಲು ಹೋದರೆ ನಾನು ಹೇಳಿದ್ದು ಅವರಿಗೆ ಕೇಳುತ್ತಿರಲಿಲ್ಲ, ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಅಲ್ಲಿ ಯಾರ ಕಿವಿಯಲ್ಲೂ ಒಂದು ಚೂರು ಹತ್ತಿ ಕಂಡ ನೆನಪಿಲ್ಲ. ಯಾರೂ ಕೊಡಲಿಲ್ಲ, ಇವರೂ ಕೇಳಲಿಲ್ಲ. ಇವತ್ತಿಗೂ ನನಗೆ ಅದರ ಸಿಟ್ಟಿದೆ.

ಗಾಜಿನ ಪುಟ್ಟ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಡಾಕ್ಟರು ಆ ಕಾಗದ ನನಗೂ ತೋರಿಸಿದರು. ತಗ್ಗು ಸ್ವರಗಳಲ್ಲಿ ಗೆರೆ ಸರಿಯಾಗಿ ಹೋಗಿ, 4000 ಹರ್ಟ್ಸ್‌ನ ಎತ್ತರದ ಸ್ವರದ ಹತ್ತಿರ ಗುಂಡಿಗೆ ಬಿದ್ದ ಹಾಗೆ ಇಳಿದು, ಮುಂದೆ ಸ್ವಲ್ಪ ಏರಿತ್ತು. ವರ್ಷಗಟ್ಟಲೆ ಯಂತ್ರದ ಶಬ್ದ ಕೇಳಿದ ಕಿವಿಯ ಗುರುತು ಅದು. ಒಳಗಿವಿಯ ಸೂಕ್ಷ್ಮ ಕೂದಲಿನಂಥ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಲ್ಲಿಂದ ಸುದ್ದಿ ಬಾರದೆ ಹೋದಾಗ ಮೆದುಳು ತಾನೇ ವಾಲ್ಯೂಮ್ ಏರಿಸಿಕೊಳ್ಳುತ್ತದೆ, ಆ ಖಾಲಿ ಜಾಗದಲ್ಲಿ ಶಬ್ದ ಕೇಳಲು ಶುರುವಾಗುತ್ತದೆ ಅಂದರು. ಟಿನ್ನಿಟಸ್ ಅಂತ ಹೆಸರು.

ಮನೆಗೆ ಬಂದು ಓದಿದಾಗ ಗೊತ್ತಾಯಿತು. ಸಾಮಾನ್ಯ ಜೀರುಂಡೆಯ ಕೂಗು ಇರುವುದೂ 4000ದಿಂದ 5000 ಹರ್ಟ್ಸ್ ನಡುವೆಯೇ. ಕಾರ್ಖಾನೆ ಅಪ್ಪನ ಕಿವಿಯಿಂದ ತೆಗೆದದ್ದು ಸರಿಯಾಗಿ ಆ ಸ್ವರವನ್ನೇ. ಅಂಗಳದ ಜೀರುಂಡೆಗಳು ಒಂದೊಂದಾಗಿ ಅವರಿಗೆ ಕೇಳದೆ ಹೋದವು. ಕೊನೆಗೆ ಒಳಗಿನದ್ದು ಒಂದು ಉಳಿಯಿತು.

ಇದನ್ನು ಓಡಿಸುವ ಮಾತ್ರೆ ಇಲ್ಲ. ತೀರಾ ನಿಶ್ಶಬ್ದದಲ್ಲಿ ಮಲಗಬೇಡಿ, ಹಿಯರಿಂಗ್ ಏಡ್ ಹಾಕಿದರೆ ಹೊರಗಿನ ಶಬ್ದ ಬಂದು ಇದು ಹಿಂದೆ ಸರಿಯಬಹುದು ಅಂದರು ಡಾಕ್ಟರು. ಈಗ ರಾತ್ರಿ ಫ್ಯಾನು ಇರುತ್ತದೆ. ಕರೆಂಟು ಹೋದರೆ ಅಮ್ಮ ಬ್ಯಾಟರಿ ರೇಡಿಯೋವನ್ನು ಸಣ್ಣಗೆ ಹಾಕುತ್ತಾರೆ.

ಹಿಯರಿಂಗ್ ಏಡ್ ಬಂದ ದಿನ ಸಂಜೆ ಅಪ್ಪ ಜಗಲಿಯಲ್ಲಿ ಕೂತಿದ್ದರು. ಕಲ್ಲಿನ ಸಂದಿಯದು ಶುರು ಮಾಡಿತು. ನಾನು ಏನೂ ಹೇಳಲಿಲ್ಲ. ಅಮ್ಮ ಕೊಡಪಾನ ಹಿಡಿದು ಅಂಗಳಕ್ಕೆ ಇಳಿದರು. ಅಪ್ಪ ಥಟ್ಟನೆ ಕಲ್ಲಿನ ಕಡೆ ತಿರುಗಿದರು.

"ಈಗ ನಿಂತಿತು, ಅಲ್ವಾ?"