ಚೀಟಿ ಮಗುಚಿಡು ತಮಾ

ಮ್ಯಾಗಝಿನ್‌ಗೆ ಏನಾದ್ರೂ ಬರ್ದು ಕೊಡಿ ಅಂತ ಜೂನಿಯರ್ಸ್ ಕೇಳಿದಾಗ ಮೊದ್ಲು ನೆನಪಾಗಿದ್ದು ಪೆಥಾಲಜಿ ಲ್ಯಾಬಿನ, ಅಂದ್ರೆ ರೋಗಿ ಮೈಯಿಂದ ತೆಗೆದ ತುಣುಕು ನೋಡಿ ರೋಗ ಹೇಳೋ ಜಾಗದ, ವಾಸನೆ. ತುಣುಕು ಕೊಳೀದಂಗೆ ಕಾಯೋ ಫಾರ್ಮಲಿನ್ನು, ಕ್ಸೈಲಿನ್ನು, ಅದ್ರ ಮೇಲೆ ಕಾರವಾರದ ಮಳೆಗಾಲದ ಬೂಷ್ಟು. ಆಮೇಲೆ ಸರ್ ನೆನಪಾದ್ರು. ಹೆಸ್ರು ಹಾಕ್ಬೇಡ ಅಂತ ಫೋನಲ್ಲೇ ಗದರಿಸಿದಾರೆ, ಹಾಗಾಗಿ ನಾವು ಬೆನ್ನ ಹಿಂದೆ ಕರೀತಿದ್ದ ಹೆಸ್ರೇ ಇರ್ಲಿ, ಸ್ಲೈಡ್ ಮಾಸ್ತರ್ರು.

ನಮ್ಮೂರ ಕಡೆಯವ್ರೇ, ಶಿರಸಿ ಹತ್ರದ ಅಡಕೆ ತೋಟದ ಮನೆ. ಎಂಡಿ ಮುಗ್ಸಿ ಎಲ್ಲೆಲ್ಲೋ ಪಾಠ ಮಾಡಿ ಕೊನೆಗೆ ಘಟ್ಟ ಇಳ್ದು ಕಾರವಾರಕ್ಕೆ ಬಂದವ್ರು. ಇಲ್ಲಿ ಮೆಡಿಕಲ್ ಕಾಲೇಜು ಶುರುವಾಗಿದ್ದು 2016ರಲ್ಲಿ, ಎಲ್ಲಾ ಹೊಸತು, ಆದ್ರೆ ಸಮುದ್ರದ ಗಾಳಿಗೆ ಹೊಸತು ಹಳತು ಅಂತಿಲ್ವಲ್ಲ, ಮೈಕ್ರೋಸ್ಕೋಪಿನ ಲೆನ್ಸಿಗೆ ಫಂಗಸ್ ಹಿಡಿಯೋದು, ಅದಕ್ಕೆ ಸರ್ ಒಂದು ಮರದ ಕಪಾಟಿನೊಳಗೆ ಬಲ್ಬ್ ಹಚ್ಚಿಟ್ಟು ಲೆನ್ಸುಗಳನ್ನ ಕೋಳಿಮರಿ ಥರ ಬೆಚ್ಚಗೆ ಕಾಯ್ತಿದ್ರು.

ಪಾಠ ಮಾತ್ರ ನಮ್ಮ ಅಡಿಗೆಮನೆಯಿಂದ್ಲೇ. ಮೇಣದಲ್ಲಿ ಕೂರಿಸಿದ ತುಣುಕನ್ನ ಮೈಕ್ರೋಟೋಮ್ ಅನ್ನೋ ಕೊಯ್ಯೋ ಯಂತ್ರದಲ್ಲಿ 5 ಮೈಕ್ರಾನ್ ದಪ್ಪಕ್ಕೆ ಕೊಯ್ಬೇಕು, ಅಂದ್ರೆ 1 ಮಿಲಿಮೀಟರಿನ 200ರಲ್ಲಿ ಒಂದು ಪಾಲು. ಆ ಪದರನ್ನ ಬಿಸಿನೀರಲ್ಲಿ ತೇಲಿಬಿಟ್ಟು ಗಾಜಿನ ಮೇಲೆ ಎತ್ಕೋಬೇಕು, ಅದೇ ಸ್ಲೈಡು, ನನ್ ಕೈಲಿ ದಿನಾ ಹರಿಯೋದು. "ತೊಡದೇವು ಎಬ್ಸೋದು ನೋಡಿದ್ಯನ? ನಿಮ್ಮ ಆಯಿ ಹತ್ರ ಕಲ್ತು ಬಾ" ಅಂದ್ರು, ಮಡಕೆ ಮೇಲಿಂದ ಎಬ್ಸೋ ಕಾಗದದಷ್ಟು ತೆಳು ಸಿಹಿ ಅದು. ಹೆಮಟಾಕ್ಸಿಲಿನ್ ಅನ್ನೋ ಬಣ್ಣ ಮಧ್ಯ ಅಮೆರಿಕದ ಒಂದು ಮರದ ತಿರುಳಿಂದು, ಅದು ಕೋಶದ ನ್ಯೂಕ್ಲಿಯಸ್‌ನ ನೀಲಿ ಮಾಡತ್ತೆ, ಇಯೋಸಿನ್ ಉಳಿದದ್ದನ್ನ ಗುಲಾಬಿ ಮಾಡತ್ತೆ. ಇದನ್ನ ಹೇಳುವಾಗ ಅವ್ರು ಅಡಕೆ ಬೇಯ್ಸಿ ಚೊಗರು, ಅಂದ್ರೆ ಅಡಕೆಗೆ ಬಣ್ಣ ಕೊಡೋ ರಸ, ಮಾಡೋದನ್ನೇ ಅರ್ಧ ಗಂಟೆ ಹೇಳ್ತಿದ್ರು. ಪರೀಕ್ಷೇಲಿ ಚೊಗರು ಅಂತ ಬರ್ಯೋಕೆ ಆಗಲ್ಲ ಅನ್ನೋದು ಬೇರೆ ಮಾತು.

ಅವ್ರ ಮುಖ್ಯ ಹಟ ಒಂದೇ. ಬಯಾಪ್ಸಿ, ಅಂದ್ರೆ ಪರೀಕ್ಷೆಗೆ ತೆಗೆದ ತುಣುಕು, ಅದ್ರ ಜೊತೆ ಬರೋ ಚೀಟಿ, ಅದೇ ರೋಗಿ ಯಾರು, ವಯಸ್ಸೆಷ್ಟು, ಡಾಕ್ಟ್ರಿಗೆ ಏನು ಅನುಮಾನ ಅಂತ ಬರ್ದಿರೋದು, ಅದನ್ನ ಮಗುಚಿಡ್ಬೇಕು. ಮೊದ್ಲು ಸ್ಲೈಡ್ ನೋಡು, ಕಂಡಿದ್ದು ಹೇಳು, ಆಮೇಲೆ ಚೀಟಿ ಓದು, ಓದಿ ಮತ್ತೆ ಸ್ಲೈಡ್ ನೋಡು. ಚೀಟೀಲಿ ಕ್ಯಾನ್ಸರ್ ಅಂತಿದ್ರೆ ಕಣ್ಣಿಗೆ ಕ್ಯಾನ್ಸರೇ ಕಾಣ್ತು ತಮಾ, ಅನ್ನೋರು. ಎರಡನೇ ಸಲ ನೋಡೋದನ್ನ ನಮ್ಮಲ್ಲಿ ಸುಮಾರು ಜನ ಮರ್ತೇ ಬಿಡ್ತಿದ್ವಿ, ಬೈಸ್ಕೋತಿದ್ದದ್ದು ಅದಕ್ಕೇ. ಒಂದ್ಸಲ ಘಟ್ಟದ ಮೇಲಿನ ಒಂದು ಕ್ಲಿನಿಕ್ಕಿನವ್ರು ತುಣುಕನ್ನ ಫಾರ್ಮಲಿನ್ ಬದ್ಲು ಸಲೈನಲ್ಲಿ, ಅಂದ್ರೆ ಬರೀ ಉಪ್ಪುನೀರಲ್ಲಿ, ಹಾಕಿ ಬಸ್ಸಲ್ಲಿ ಕಳ್ಸಿದ್ರು, ದೇವಿಮನೆ ಘಾಟಿ ಇಳ್ದು ಕುಮಟಾ ದಾಟಿ ಇಲ್ಲಿ ಮುಟ್ಟೋದ್ರೊಳಗೆ ಅದು ಕೊಳೆತು ಹೋಗಿತ್ತು. ಅವತ್ತು ಅವ್ರಿಗೆ ಬಂದಷ್ಟು ಸಿಟ್ಟು ನಾನು ಫೇಲಾದಾಗ್ಲೂ ಬಂದಿರ್ಲಿಲ್ಲ.

ಇನ್ನು ಅವ್ರ ರಿಸರ್ಚು. ಜನ್ಮ ಪೂರ್ತಿ ಅದೊಂದೇ ವಿಷ್ಯ, ಕವಳ, ಅಂದ್ರೆ ಎಲೆ ಅಡಕೆ, ಹಾಕೋರ ಬಾಯಿ. ಅವ್ರಿಗೆ ಬರೋ ರೋಗಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತಾರೆ. 1952ರಲ್ಲಿ ಶ್ವಾರ್ಟ್ಜ್ ಅನ್ನೋರು ಪೂರ್ವ ಆಫ್ರಿಕಾದಲ್ಲಿದ್ದ 5 ಜನ ಭಾರತದ ಹೆಂಗಸರಲ್ಲಿ ಇದನ್ನ ಗುರುತಿಸಿ ಬರೆದ್ರು. ಅಡಕೇಲಿರೋ ಅರೆಕೋಲಿನ್ ಕೊಲಾಜನ್ ನಾರು ಹುಟ್ಟೋದನ್ನ ಹೆಚ್ಚಿಸತ್ತೆ, ಅಡಕೇಲಿ ತಾಮ್ರಾನೂ ಜಾಸ್ತಿ, ಆ ತಾಮ್ರದಿಂದ ಕೆಲ್ಸ ಮಾಡೋ ಒಂದು ಕಿಣ್ವ ನಾರುಗಳನ್ನ ಒಂದಕ್ಕೊಂದು ಬಿಗಿಯತ್ತೆ, ಕೆನ್ನೆ ಒಳಗೆ ಹಗ್ಗ ಕಟ್ಟಿದಂಗಾಗಿ ಬಾಯಿ ತೆರ್ಯೋಕಾಗಲ್ಲ. ತಂಬಾಕಿಲ್ದ ಬರೀ ಅಡಕೇನೂ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದೀಲಿ ಹೇಳ್ತು. ಅವತ್ತು ಸರ್ ಮನೇಲಿ ದೊಡ್ಡ ಜಗಳ ಆಗಿತ್ತಂತೆ. ನಮ್ಮನೆ ಅನ್ನಕ್ಕೆ ನೀನೇ ಮಣ್ಣು ಹಾಕ್ತ್ಯಾ ಅಂತ ಅವ್ರಪ್ಪ ವಾರಗಟ್ಲೆ ಮಾತಾಡ್ಲಿಲ್ಲ. ಆದ್ರೂ ತೋಟ ಮಾರ್ಲಿಲ್ಲ, ಈಗ್ಲೂ ವರ್ಷ ವರ್ಷ ಚಾಲಿ, ಅದೇ ಒಣಗಿಸಿ ಸುಲಿದ ಅಡಕೆ, ಶಿರಸಿ ಪೇಟೆಗೆ ಹೋಗತ್ತೆ. ಇದು ಸರಿಯಾ ಅಂತ ನಾನು ಕೇಳೇಬಿಟ್ಟಿದ್ದೆ. ಸರ್ ಕನ್ನಡಕ ಒರ್ಸಿ, ನಿಮ್ಮನೆ ತೋಟ ಎಷ್ಟೆಕ್ರೆ ಅಂದ್ರು.

ನಮ್ಮ ದೊಡ್ಡಪ್ಪಂಗೆ ಖಾರ ತಿಂದ್ರೆ ಬಾಯಿ ಉರಿ ಅಂತ ಮದ್ವೆ ಮನೇಲಿ ಗೊತ್ತಾಯ್ತು. ಬಾಯಿ ತೆಗ್ಸಿದ್ರೆ ಎರಡು ಬೆರಳು ಹೋಗೋದೇ ಕಷ್ಟ, ಮೂರು ಹೋಗ್ಬೇಕು. ಸರ್ ಹತ್ರ ಕರ್ಕೊಂಡ್ಹೋದೆ. "ನಿಮ್ಮನೆಲೂ ತೋಟ ಇದ್ದಲಾ ಡಾಕ್ಟ್ರೇ" ಅಂತ ದೊಡ್ಡಪ್ಪ ಶುರು ಹಚ್ಕೊಂಡ್ರು, ಕೊಳೆ ರೋಗ, ಬೋರ್ಡೋ ಮಿಶ್ರಣ, ಚಾಲಿ ರೇಟು ಅಂತ ಇಬ್ರೂ ಒಂದು ತಾಸು ಮಾತಾಡಿದ್ರು, ಹೊರ್ಗೆ ಉಳಿದ ಪೇಷಂಟುಗಳು ನನ್ನನ್ನೇ ದುರುಗುಟ್ಟಿ ನೋಡ್ತಿದ್ರು. ಮಾರನೇ ವಾರ ಸ್ಲೈಡ್ ಬಂದಾಗ ಸರ್ ಆ ಚೀಟೀನೂ ಮಗುಚಿಟ್ರು, ಯಾರ್ದು ಅಂತ ಇಬ್ರಿಗೂ ಗೊತ್ತಿದ್ರೂ. ಮೇಲ್ಪದರ ತೆಳುವಾಗಿದೆ, ಕೆಳ್ಗೆ ಕೊಲಾಜನ್ ದಪ್ಪಗಿದೆ, ಡಿಸ್‌ಪ್ಲಾಸಿಯಾ, ಅಂದ್ರೆ ಕ್ಯಾನ್ಸರಿಗೆ ತಿರುಗಬಹುದಾದ ಕೋಶಗಳ ಬದಲಾವಣೆ, ಇಲ್ಲ ಅಂದೆ. ಇನ್ನೊಂದ್ಸಲ ನೋಡು ಅಂದ್ರು. ನೋಡ್ದೆ. ಇರ್ಲಿಲ್ಲ.

ಸರ್ ರಿಟೈರಾಗುವಾಗ ಕಪಾಟಿನ ಬೀಗದ ಕೈ ನಂಗೆ ಕೊಟ್ರು. ದೊಡ್ಡಪ್ಪನ ಮೇಣದ ಬ್ಲಾಕ್ ಅಲ್ಲೇ ಇದೆ. ದೊಡ್ಡಪ್ಪ ಕವಳ ಬಿಟ್ಟಿದಾರೆ, ಅಂದ್ರೆ ದೊಡ್ಡಾಯಿ ಎದ್ರಿಗೆ.