22 ಸೆಕೆಂಡಿಗೆ ಇಷ್ಟೊಂದು ತಯಾರಿ ಯಾಕೆ?

"ಬರೀ 22 ಸೆಕೆಂಡಾ? ಅಷ್ಟಕ್ಕೆ ವರ್ಷಗಟ್ಟಲೆ ಕೂತಿದ್ರಾ?" ಜನ ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ, ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ವಿಷಯ ಇಷ್ಟು. ಜರ್ಮನಿಯಲ್ಲಿ ಮಾಸ್ಟರ್ಸ್ ಓದುವಾಗ ನಾವೊಂದಿಷ್ಟು ವಿದ್ಯಾರ್ಥಿಗಳು ಸೇರಿ ಒಂದು ಸಣ್ಣ ರೋಬೋಟ್ ಕಟ್ಟಿದೆವು. ಒಂದು ಪೆಟ್ಟಿಗೆ, ಅದಕ್ಕೊಂದು ತೋಳು. ತೇಲುತ್ತಿರುವಾಗ ತೋಳು ಆಡಿಸಿದರೆ ಪೆಟ್ಟಿಗೆ ಹೇಗೆ ತಿರುಗುತ್ತದೆ ಅಂತ ನೋಡಬೇಕಿತ್ತು. ಯುರೋಪಿನ ಬಾಹ್ಯಾಕಾಶ ಸಂಸ್ಥೆ ಈಸಾ ವಿದ್ಯಾರ್ಥಿಗಳಿಗೆ 'ಫ್ಲೈ ಯುವರ್ ಥೀಸಿಸ್' ಅಂತ ಒಂದು ಅವಕಾಶ ಕೊಡುತ್ತಿತ್ತು. ಆಯ್ಕೆಯಾದರೆ ಫ್ರಾನ್ಸಿನ ಬೋರ್ಡೊದಲ್ಲಿರುವ ನೋವೆಸ್ಪಾಸ್ ಕಂಪನಿಯ ಏರ್‌ಬಸ್ ಎ310 ವಿಮಾನದಲ್ಲಿ ನಿಮ್ಮ ಪ್ರಯೋಗ ಹಾರುತ್ತಿತ್ತು. ಹಿಂದೆ ಜರ್ಮನಿಯ ಚಾನ್ಸಲರ್ ಆಗಿದ್ದ ಏಂಜೆಲಾ ಮರ್ಕೆಲ್ ಓಡಾಡುತ್ತಿದ್ದ ಸರ್ಕಾರಿ ವಿಮಾನವೇ ಅದು. ಮೊದಲು ಸುಮಾರು 20 ಸೆಕೆಂಡು ಅದು ಕಡಿದಾಗಿ ಮೇಲೇರುತ್ತದೆ, ಆಗ ನಿಮ್ಮ ಮೈ 1.8 ಪಟ್ಟು ಭಾರ. ಆಮೇಲೆ ಎಂಜಿನ್ ಶಕ್ತಿ ಇಳಿಸಿ, ಎಸೆದ ಕಲ್ಲು ಹೋಗುವ ದಾರಿಯಲ್ಲೇ ವಿಮಾನವನ್ನು ಕೊಂಡೊಯ್ಯುತ್ತಾರೆ. ಸುಮಾರು 22 ಸೆಕೆಂಡು ಒಳಗಿದ್ದದ್ದೆಲ್ಲ ತೇಲುತ್ತದೆ. ಮತ್ತೆ 1.8 ಪಟ್ಟು. ಒಂದು ಹಾರಾಟದಲ್ಲಿ ಹೀಗೆ 31 ಸಲ.

ಊರಲ್ಲಿ ಒಂದು ಗೃಹಪ್ರವೇಶದ ಊಟದಲ್ಲಿ ನಮ್ಮ ದೊಡ್ಡಪ್ಪನ ಸ್ನೇಹಿತರೊಬ್ಬರು ಇದನ್ನು ಕೇಳಿಸಿಕೊಂಡು, "ಜಾತ್ರೆಲಿ ಜಾಯಿಂಟ್ ವೀಲ್ ಹತ್ತಿದ್ರೆ ಆಗ್ತಿತ್ತಲ್ಲೋ ಮಾರಾಯ" ಅಂದರು. ಪಂಕ್ತಿ ಪೂರ್ತಿ ನಕ್ಕಿತು. ನಾನು ಉತ್ತರ ಶುರು ಮಾಡುವಷ್ಟರಲ್ಲಿ ಪಾಯಸ ಬಂತು. ಮಾತು ಅಲ್ಲಿಗೆ ಮುಗೀತು. ಕೋಪ ಬಂದದ್ದು ನಗುವಿಗಲ್ಲ, ಆ 'ಬರೀ' ಅನ್ನೋದಕ್ಕೆ.

ಬರೀ 22 ಅಂತೀರಲ್ಲ, ನಮಗೆ 22 ಕೂಡ ಸಿಗುವುದಿಲ್ಲ. ವಿಮಾನವನ್ನು ಮೂವರು ಸೇರಿ ಹಿಡಿದಿರುತ್ತಾರೆ. ಒಬ್ಬರು ಮೂತಿಯ ಏರಿಳಿತ, ಒಬ್ಬರು ಅಕ್ಕಪಕ್ಕದ ವಾಲು, ಇನ್ನೊಬ್ಬರು ಎಂಜಿನ್. ಅಷ್ಟಾದರೂ ಭೂಮಿಯ ಸೆಳೆತದ ನೂರರಲ್ಲಿ ಒಂದೆರಡು ಪಾಲಿನಷ್ಟು ಅಲುಗಾಟ ಉಳಿಯುತ್ತದೆ. ಕೈಬಿಟ್ಟ ಪೆಟ್ಟಿಗೆ ಸುಮ್ನೆ ತೇಲುತ್ತಿದ್ದರೂ ವಿಮಾನದ ಗೋಡೆಯೇ ಅದರ ಕಡೆ ಸರಿದು ಬರುತ್ತದೆ. ನೂರರಲ್ಲಿ ಒಂದು ಪಾಲು ಅಂದರೂ ಐದು ಸೆಕೆಂಡಿನಲ್ಲಿ ಒಂದು ಮೀಟರಿಗಿಂತ ಜಾಸ್ತಿ! ನಮ್ಮ ರೋಬೋಟಿಗೆ ಒಂದು ಸಲಕ್ಕೆ ಸಿಗುವುದು ಆ ನಾಲ್ಕೈದು ಸೆಕೆಂಡು, ಅದೂ ಬಿಡುವಾಗ ಕೈ ತಾಗಿ ತಿರುಗದಿದ್ದರೆ.

ನೆಲದ ಮೇಲೆ ಆಗಲ್ವಾ ಅಂದರೆ, ಅರ್ಧ ಆಗುತ್ತದೆ. ನುಣುಪಾದ ಮೇಜಿನ ಮೇಲೆ ಗಾಳಿಯ ತೆಳು ಪದರದಲ್ಲಿ ಪೆಟ್ಟಿಗೆಯನ್ನು ಜಾರಿಸಿ ನೋಡಿದ್ದೇವೆ. ಅಲ್ಲಿ ಅದು ಮೇಜಿನ ಮಟ್ಟದಲ್ಲಷ್ಟೇ ತಿರುಗೀತು, ಪಲ್ಟಿ ಹೊಡೆಯಲಾರದು. ಬ್ರೆಮೆನ್ ಊರಿನಲ್ಲಿ 146 ಮೀಟರ್ ಎತ್ತರದ ಗೋಪುರವಿದೆ, ಒಳಗಿನ ಕೊಳವೆಯಲ್ಲಿ ಬಿಟ್ಟ ವಸ್ತು 4.74 ಸೆಕೆಂಡು ತೇಲುತ್ತದೆ, ಕೆಳಗಿಂದ ಚಿಮ್ಮಿಸಿದರೆ 9 ಸೆಕೆಂಡಿನ ಮೇಲೆ. ಆದರೆ ಕೊನೆಗೆ ಬಂದು ನಿಲ್ಲುವಾಗಿನ ಗುದ್ದನ್ನು ನಮ್ಮ ತೋಳಿನ ಸಣ್ಣ ಗಿಯರುಗಳು ತಡೆಯುತ್ತಿರಲಿಲ್ಲ.

ತಯಾರಿಯ ದೊಡ್ಡ ಪಾಲು ರೋಬೋಟಿಗೆ ಹೋಗಲೇ ಇಲ್ಲ, ಅದನ್ನು ಹಿಡಿದಿಡುವ ಚೌಕಟ್ಟಿಗೆ ಹೋಯಿತು. ವಿಮಾನ ತುರ್ತಾಗಿ ನೆಲ ಮುಟ್ಟಿದರೆ ಮುಂದಕ್ಕೆ 9 ಪಟ್ಟು ಎಳೆತ ಬರಬಹುದು, ಅಂದರೆ 50 ಕೆಜಿ ಸಾಮಾನು 450 ಕೆಜಿಯಂತೆ ಮುಂದೆ ಕೂತವರ ಮೇಲೆ ನುಗ್ಗುತ್ತದೆ. ಹಾಗಾಗಿ ಪ್ರತಿ ಬೋಲ್ಟಿಗೂ ಲೆಕ್ಕ ಕೊಡಬೇಕು. ಚೂಪು ಅಂಚಿಗೆಲ್ಲ ಸ್ಪಂಜು. ಎಲ್ಲವನ್ನೂ ಒಂದೇ ಏಟಿಗೆ ನಿಲ್ಲಿಸುವ ಕೆಂಪು ಗುಂಡಿ. ಈ ಕಾಗದದ ಕೆಲಸವನ್ನು ಬೈಯುವವರಿದ್ದಾರೆ, ನಾನು ಬೈಯುವುದಿಲ್ಲ. ಒಳಗೆ ಬೇರೆ ತಂಡಗಳವರೂ ಇರುತ್ತಾರೆ, ಅವರ ತಲೆಗೂ ಬೆಲೆ ಇದೆ.

ಯಾರಾದರೂ ಒಮ್ಮೆ "ಏನೇನು ಬಿಟ್ರಿ?" ಅಂತ ಕೇಳಬಾರದಾ? ಅದಕ್ಕಾದರೆ ರಾತ್ರಿಯಿಡೀ ಕೂತು ಹೇಳುತ್ತೇನೆ. ಮೊದಲು ಎರಡು ತೋಳು ಬರೆದಿದ್ದೆವು, ಒಂದನ್ನು ಬಿಟ್ಟೆವು. ಕ್ಯಾಮೆರಾದಲ್ಲಿ ನೋಡಿ ತಾನೇ ಗುರಿ ಹುಡುಕುವ ಪ್ರೋಗ್ರಾಂ ಇತ್ತು, ನಮಗೆಲ್ಲ ತುಂಬಾ ಇಷ್ಟವಾದ ಭಾಗ, ಅದನ್ನೂ ಬಿಟ್ಟೆವು. ನಾಲ್ಕೈದು ಸೆಕೆಂಡಿನಲ್ಲಿ ಅದು ಹುಡುಕುವ ಹೊತ್ತಿಗೆ ಪೆಟ್ಟಿಗೆ ಗೋಡೆ ಸೇರಿರುತ್ತದೆ. ಉಳಿದದ್ದು ಒಂದೇ ಪ್ರಶ್ನೆ: ತೋಳು ಇಷ್ಟು ತಿರುಗಿದರೆ ಪೆಟ್ಟಿಗೆ ಎದುರು ದಿಕ್ಕಿಗೆ ಎಷ್ಟು ತಿರುಗುತ್ತದೆ? ಸಣ್ಣದು ಅನ್ನಿಸಬಹುದು. ಆದರೆ ಕಕ್ಷೆಯಲ್ಲಿ ಕೆಟ್ಟು ನಿಂತ ಉಪಗ್ರಹವನ್ನು ತೋಳು ಚಾಚಿ ಹಿಡಿಯಲು ಹೋದರೆ, ಹಿಡಿಯುವ ಉಪಗ್ರಹವೇ ತಿರುಗಿಬಿಡುತ್ತದಲ್ಲ, ಇದು ಅದೇ ಲೆಕ್ಕ. 2024ರ ಡಿಸೆಂಬರ್ 30ರಂದು ಇಸ್ರೋ ಹಾರಿಸಿದ ಪಿಎಸ್‌ಎಲ್‌ವಿ-ಸಿ60 ರಾಕೆಟ್ಟಿನ ಕೊನೆಯ ಹಂತದಲ್ಲೂ ಬಾಹ್ಯಾಕಾಶದ ಕಸ ಹಿಡಿಯುವುದನ್ನು ಪರೀಕ್ಷಿಸುವ ಒಂದು ತೋಳು ಇತ್ತು.

ವಾಂತಿ ಆಯ್ತಾ ಅನ್ನೋದು ಎರಡನೇ ಪ್ರಶ್ನೆ. ಹತ್ತುವ ಮುಂಚೆ ಸ್ಕೊಪೊಲಮಿನ್ ಇಂಜೆಕ್ಷನ್ ಕೊಡುತ್ತಾರೆ. ಅದು ಹೊಟ್ಟೆ ಕಾಯುತ್ತದೆ, ಬಾಯಿ ಒಣಗಿಸುತ್ತದೆ, ತೂಕಡಿಕೆ ತರುತ್ತದೆ. ಅಂಥ ಸ್ಥಿತಿಯಲ್ಲಿರುವವರು ರೋಬೋಟ್ ನಡೆಸಬೇಕು. ಒಂದು ತೇಲಾಟಕ್ಕೂ ಇನ್ನೊಂದಕ್ಕೂ ನಡುವೆ ನೇರವಾಗಿ ಹಾರುವುದು ಒಂದೂವರೆ, ಎರಡು ನಿಮಿಷ. ಅಷ್ಟರಲ್ಲಿ ಪೆಟ್ಟಿಗೆಯನ್ನು ಜಾಗಕ್ಕೆ ಇಟ್ಟು, ಅಳತೆ ಉಳಿಯಿತಾ ನೋಡಿ, ಮುಂದಿನದಕ್ಕೆ ಅಣಿಯಾಗಬೇಕು. ಅದಕ್ಕೇ ಎಲ್ಲವನ್ನೂ ಒಂದು ಗುಂಡಿಗೆ ಇಳಿಸಿದೆವು. ಲ್ಯಾಬಿನಲ್ಲಿ ನೆಲದ ಮೇಲೆ ಮಲಗಿಕೊಂಡು, ಒಬ್ಬರು ಪೈಲಟ್ ಹಾಗೆ "ಥರ್ಟಿ, ಫಾರ್ಟಿ, ಇಂಜೆಕ್ಷನ್" (ಮೂತಿ ಎಷ್ಟು ಡಿಗ್ರಿ ಮೇಲೆದ್ದಿದೆ ಅನ್ನೋದು, ಕೊನೆಯದು ತೇಲಾಟ ಶುರು ಅಂತ) ಕೂಗುವಾಗ ಎದ್ದು, ಬಿಟ್ಟು, ಹಿಡಿದು, ಮತ್ತೆ ಮಲಗಿ ಅಭ್ಯಾಸ ಮಾಡಿದೆವು. ಬೇಸರ ಬರುವವರೆಗೆ, ಬೇಸರ ಬಂದ ಮೇಲೂ.

ಹಾರಾಟ ಮೂರು ದಿನ, ದಿನಕ್ಕೊಂದು. ಮೊದಲ ದಿನದ ಅಳತೆಗಳನ್ನು ಅವತ್ತು ಸಂಜೆಯೇ ಬಿಡಿಸಿ ನೋಡಿದೆವು. ತೋಳು ಜೋರಾಗಿ ನಿಂತಾಗ ಪೆಟ್ಟಿಗೆ ನಡುಗುತ್ತಿತ್ತು. ಮರುದಿನ ತೋಳನ್ನು ನಿಧಾನಕ್ಕೆ ನಿಲ್ಲಿಸಿದೆವು, ನಡುಕ ಹೋಯಿತು. ಬದಲಾಯಿಸಬೇಕಾಗಿದ್ದದ್ದು ಒಂದೇ ಸಂಖ್ಯೆ. ಎರಡು ತೋಳು, ಕ್ಯಾಮೆರಾ, ಹುಡುಕಾಟ ಎಲ್ಲ ಒಳಗಿದ್ದಿದ್ದರೆ ತಪ್ಪು ಎಲ್ಲಿದೆ ಅಂತ ಒಂದು ಸಂಜೆಯಲ್ಲಿ ಗೊತ್ತಾಗುತ್ತಿತ್ತಾ, ನೀವೇ ಹೇಳಿ.